ಎಡಗೆನ್ನೆಯ ಮಚ್ಚೆ

“ಈ ಫೋಟೊ ಮಾತ್ರ ಬೇಡ ಸರ್.” ಅಂತ್ಯಕ್ರಿಯೆಯ ಏರ್ಪಾಡು ನೋಡಲು ಬಂದಿದ್ದ ಇಬುರಿ, ಕೈಯಲ್ಲಿದ್ದ ಚಿತ್ರವನ್ನು ಚಾಪೆಯ ಮೇಲಿಟ್ಟು ಒಂದು ಮೊಳ ಹಿಂದೆ ಸರಿದ. “ಇದು ಕಣ್ಣು ಬಿಡೋ ಫೋಟೊ. ಸ್ಕೂಲಲ್ಲಿದ್ದಾಗ ನಿಮ್ಮ ಸಿನಿಮಾ ನೋಡಿ ವಾರಗಟ್ಟಲೆ ನಾನು ಒಬ್ಬನೇ ಬಚ್ಚಲಿಗೆ ಹೋಗಿರ್ಲಿಲ್ಲ.”

ಬೇರೆ ದಿನವಾಗಿದ್ದರೆ ನಿರ್ದೇಶಕ ಸಾವತಾರಿ ಈ ಮಾತಿಗೆ ಹಿಗ್ಗಿ ಹೀರೇಕಾಯಿ ಆಗುತ್ತಿದ್ದ. ಆದರೆ ಹೆಂಡತಿ ಹಿಸಾನೊ ಬೆಳಿಗ್ಗೆ ತೀರಿಕೊಂಡಿದ್ದಳು. ಒಳಕೋಣೆಯಲ್ಲಿ, ಮುಖದ ಮೇಲೆ ಬಿಳಿ ಬಟ್ಟೆ ಹೊದಿಸಿ ಮಲಗಿಸಿದ್ದರು. ನಾಳೆ ಹೂವಿನ ನಡುವೆ ಇಡಲು ಅವಳದೊಂದು ಫೋಟೊ ಮಧ್ಯಾಹ್ನದೊಳಗೆ ಬೇಕಿತ್ತು.

ಹಿಸಾನೊಳ ಅಂಥ ಫೋಟೊಗಳು ಇನ್ನೂ ಹದಿನೆಂಟಿದ್ದವು. ಸಾವತಾರಿ ತೆಗೆದ ಹತ್ತೊಂಬತ್ತು ದೆವ್ವದ ಸಿನಿಮಾಗಳಿಗೆ, ಒಂದಕ್ಕೊಂದರಂತೆ. ಸತ್ತವಳ ಫೋಟೊ ಆಗಿ ಕಪ್ಪು ಚೌಕಟ್ಟಿನೊಳಗೆ ಕೂರಲು ಯಾವ ನಟಿಯೂ ಒಪ್ಪುತ್ತಿರಲಿಲ್ಲ, ಅಪಶಕುನವಂತೆ. ಹಿಸಾನೊ ಕೂರುತ್ತಿದ್ದಳು. ಸಂಜೆ ಮನೆ ಬಾಗಿಲಲ್ಲೇ, ಸಾವಿನ ಮೈಲಿಗೆ ಕಳೆಯಲೆಂದು, ಮೈಮೇಲೆ ಚಿಟಿಕೆ ಉಪ್ಪು ಎರಚಿಕೊಂಡು, ನಕ್ಕು, ಅಕ್ಕಿ ತೊಳೆಯಲು ಹೋಗುತ್ತಿದ್ದಳು.

ಮಗಳು ಚಿಜುರು ತನ್ನ ಫೋನನ್ನೂ ಜಾಲಾಡಿದಳು. ಎಲ್ಲದರಲ್ಲೂ ತಾಯಿಯ ಅಂಗೈ ಮುಖಕ್ಕೆ ಅಡ್ಡ. “‘ನನ್ನ ಮುಖ ಸತ್ತೋರಿಗೆ ಮೀಸಲು ಕಣೇ’ ಅಂತಿದ್ಲು. ಮೂವತ್ತು ವರ್ಷ ಕ್ಯಾಮೆರಾ ಹಿಡಿದ್ರಲ್ಲಪ್ಪ, ಬದುಕಿರೋ ಅಮ್ಮನ್ನ ಒಂದ್ಸಲನಾದ್ರೂ ತೆಗೀಬಾರ್ದಿತ್ತಾ?”

ಸಾವತಾರಿಗೆ ಕಪಾಳಕ್ಕೆ ಹೊಡೆದಂತಾಯಿತು. ಯಾವ ದೃಶ್ಯಕ್ಕೆ ಯಾವ ದೀಪ ಎಲ್ಲಿಟ್ಟಿದ್ದೆ ಎಂಬುದು ಅವನಿಗೆ ಇವತ್ತಿಗೂ ನೆನಪಿತ್ತು. ಇದು ಮಾತ್ರ ಹೊಳೆದೇ ಇರಲಿಲ್ಲ.

ಇಬುರಿ ಇದ್ದುದರಲ್ಲೇ ಸೌಮ್ಯವಾದ ಒಂದನ್ನು ಆರಿಸಿದ. “ಮುಖದ ಬಿಳಿ ಪೌಡರ್ ಕಂಪ್ಯೂಟರಲ್ಲಿ ತೆಗೀತೀನಿ. ಆದ್ರೆ ಕಿಮೋನೊ ನೋಡಿ, ಬಲ ಮಡಿಕೆ ಮೇಲಿದೆ, ಹೆಣಕ್ಕೆ ಉಡಿಸೋ ಹಾಗೆ. ನೆಂಟರು ಏನಂದ್ಕೋತಾರೆ? ಕನ್ನಡೀಲಿ ಕಾಣೋ ಥರ ಎಡಬಲ ತಿರುಗಿಸಿಬಿಡೋಣ, ಸರಿಹೋಗುತ್ತೆ.”

“ತಿರುಗಿಸೋದಾ!” ಸಾವತಾರಿಗೆ ಶೂಟಿಂಗಿನ ದನಿ ಮರಳಿತು. “ಮಚ್ಚೆ ಬಲಗಡೆ ಹೋಗಲ್ವೇನ್ರೀ? ನನ್ನ ಹಿಸಾನೊಗೆ ಮಚ್ಚೆ ಇರೋದು ಎಡಗೆನ್ನೆ ಮೇಲೆ, ಕಣ್ಣಿಂದ ಎರಡು ಬೆರಳು ಕೆಳಗೆ. ಅವಳ ಮುಖ ನನಗೆ ಗೊತ್ತಿಲ್ವಾ?”

ಚಿಜುರು ಅಪ್ಪನನ್ನೇ ದಿಟ್ಟಿಸಿದಳು.

“ಅಪ್ಪಾ, ಯಾವ ಮಚ್ಚೆ? ಅದು ಮೇಕಪ್ಪು. ಮೊದಲನೇ ಸಿನಿಮಾಗೆ ದೆವ್ವಕ್ಕೊಂದು ಗುರುತಿರಲಿ ಅಂತ ನೀವೇ ಇಡ್ಸಿದ್ದು.”

ಸಾವತಾರಿ ಗದರಲು ಹೋದವನು ಎದ್ದು ಒಳಕೋಣೆಗೆ ನಡೆದ. ಕಾಗದದ ಬಾಗಿಲು ಸರಿಸಿ ಬೆಳಕು ಬಿಟ್ಟು, ಬಿಳಿ ಬಟ್ಟೆ ಎತ್ತಿದ.

ಎಡಗೆನ್ನೆ ತೊಳೆದ ಅಕ್ಕಿಯಂತೆ ಬೆಳ್ಳಗಿತ್ತು. ಇನ್ನೂ ನಂಬಿಕೆ ಬಾರದೆ, ಬಾಗಿ, ಬಲಗೆನ್ನೆಯ ಮೇಲೂ ಹುಡುಕಿದ.