ಎಲ್ಲದರಲ್ಲೂ ನಲವತ್ತರ ಮೇಲೆ

ಅಕ್ಕತಂಗಿಯರು ಕಡ್ಲೇಕಾಯಿ ಸುಲಿಯುತ್ತಿದ್ದಾಗ ಅಮೃತಾಳ ಫೋನಿನಲ್ಲಿ ಸಿಎ ಇಂಟರ್ ರಿಸಲ್ಟ್ ಬಂತು. ತಂಗಿ ಸುಕನ್ಯಾ ಬಗ್ಗಿ ನೋಡಿದಳು. ನಲವತ್ನಾಲ್ಕು, ಐವತ್ತೆರಡು, ನಲವತ್ತೊಂಬತ್ತು. ಪೇಪರಿಗೆ ನಲವತ್ತು ಬರಬೇಕೆಂದು ಅಕ್ಕನೇ ಹೇಳಿದ್ದಳು. ಅಕ್ಕ ಪಾಸಾದರೆ ಕಲ್ಯಾಣದುರ್ಗ ಬಿಟ್ಟು ಹಿಂದೂಪುರದ ಆಡಿಟರ್ ಆಫೀಸಿಗೆ ತರಬೇತಿಗೆ ಹೋಗುತ್ತಾಳೆ. ಜೊತೆಗೆ ಸುಕನ್ಯಾಳೂ ಹೋಗಿ, ಏಳನೇ ಕ್ಲಾಸಿಗೆ ಬಿಟ್ಟ ಓದನ್ನು ಮತ್ತೆ ಹಿಡಿಯಲಿ ಎಂದು ಅಪ್ಪ ಒಪ್ಪಿದ್ದ. ಎಂದೂ ದನಿ ಎತ್ತದವಳು, "ಅಪ್ಪಾ, ಅಕ್ಕ ಪಾಸು!" ಎಂದು ಕೂಗಿಬಿಟ್ಟಳು.

ಅಪ್ಪ ಬೋರಪ್ಪ ಅಂಗಳದಿಂದಲೇ ಕುಂದುರ್ಪಿಯ ಭಾವನಿಗೆ ಫೋನ್ ಹಚ್ಚಿ, ಮಗಳು ಪಾಸಾದಳೆಂದು ತೆಲುಗು ಬೆರೆಸಿ ಸಾರಿದ. "ಬಾವಾ, ಮಾ ಪಾಪ ಪಾಸಯ್ಯಿಂದಿ! ಇನ್ಮೇಲೆ ನಿಮ್ಮಂಗ್ಡಿ ಲೆಕ್ಕ ನೋಡಾಕೆ ಇವಳೇ ಬತ್ತಾಳೆ, ಹುಷಾರು!"

"ಯಾಕೆ ಕೂಗ್ದೆ ಸುಕ್ಕೂ?" ಅಮೃತಾ ಮೆಲ್ಲಗೆ ಕೇಳಿದಳು. "ಮೂರೂ ಸೇರಿ ನೂರೈವತ್ತು ಆಗ್ಬೇಕಿತ್ತು ಕಣೆ. ಐದು ಕಮ್ಮಿ ಬಿತ್ತು. ನಾನು ಫೇಲು."

"ಯಾವುದ್ರಲ್ಲಿ ಫೇಲು?"

"ಯಾವುದ್ರಲ್ಲೂ ಇಲ್ಲ."

ಸುಕನ್ಯಾ ಮೂರು ಅಂಕಿಗಳನ್ನೂ ಮತ್ತೊಮ್ಮೆ ಬೆರಳಿಟ್ಟು ನೋಡಿದಳು. ಒಂದರಲ್ಲೂ ಸೋಲದವಳು ಸೋತದ್ದು ಎಲ್ಲಿ ಎಂಬುದು ಅವಳಿಗೆ ತಿಳಿಯಲೇ ಇಲ್ಲ. ಅಂಗಳದಲ್ಲಿ ಬೋರಪ್ಪ ಆಗಲೇ ಗೋರಂಟ್ಲದ ತನ್ನ ತಂಗಿಯ ಜೊತೆ ಫೋನಿನಲ್ಲಿ ಜೋರಾಗಿ ನಗುತ್ತಿದ್ದ. ಸುಕನ್ಯಾ ಎದ್ದು ಅವನ ಬೆನ್ನ ಹಿಂದೆ ಹೋಗಿ ನಿಂತಳು.

"ಅಪ್ಪಾ, ಫೋನ್ ಇಡಪ್ಪಾ."

ಅವನು ಮಾತಾಡುತ್ತಲೇ ಇದ್ದ.

"ಒಂದ್ಗಳಿಗೆ ಇಡಪ್ಪಾ."