ಒಣಗಿದ ಹಳದಿ ಹೂ

ಒಣಹುಲ್ಲಿನ ಹೊರೆಗೆ ಕೈ ಹಾಕಿದ ಅಕ್ಕನ ಬೆರಳಿಗೆ ಹುಲ್ಲಲ್ಲದ ಗಟ್ಟಿ ಕಡ್ಡಿಯೊಂದು ಸಿಕ್ಕಿತು. ಎಳೆದಳು. ತುದಿಯಲ್ಲಿ, ಸೇವಂತಿಗೆಯ ಬಡ ನೆಂಟನಂಥ ಪುಟ್ಟ ಹಳದಿ ಹೂಗಳ ಗೊಂಚಲು. ಕೊಯ್ದ ಮೇಲೂ ಹಟ ಬಿಡದೆ ಬೀಜ ಕಟ್ಟಿತ್ತು. ಅವಳ ಉಸಿರು ತಾಗಿದ್ದೇ ತಡ, ಬಿಳಿ ಎಳೆಗಳು ಕುದುರೆ ಲಾಯದ ತುಂಬ ಹಾರಾಡಿದವು.

“ಈ ಕಳೆ ಕಿತ್ತು ಹಾಕದೆ ಹುಲ್ಲು ಕೊಯ್ದೆಯೇನೋ?”

“ಅದಕ್ಯಾಕೆ ಬೆನ್ನು ಮುರ್ಕೋಬೇಕು?” ತಮ್ಮ ನಕ್ಕ. “ವಿಪರೀತ ಕಹಿ, ಕುದುರೆ ಮೂಸಿಯೂ ನೋಡಲ್ಲ ಅಂತ ನೀನೇ ಹೇಳಿದ್ದೆಯಲ್ಲಕ್ಕಾ.”

“ಹಸಿ ಇದ್ದಾಗ ಕಣೋ!” ಅಕ್ಕ ಕಡ್ಡಿಯನ್ನು ಅವನ ಮುಖದೆದುರು ಹಿಡಿದಳು. “ಒಣಗಿದ್ರೆ ಕಹಿ ಹೋಗುತ್ತೆ, ವಿಷ ಹೋಗಲ್ಲ. ಒಳಗೊಳಗೇ ಸೇರ್ತಾ ಹೋಗಿ ಕೊನೆಗೆ ತಲೆಗೇರುತ್ತೆ. ಎಂದಿನಿಂದ ಇದನ್ನ ಹಾಕ್ತಿದೀಯ?”

“ಚಳಿ ಶುರುವಾದಾಗಿನಿಂದ. ಒಂದು ಕಡ್ಡೀನೂ ಉಳಿಸಲ್ಲ ನಮ್ಮ ಕೆಂಪಿ. ಈಗೀಗ ಮಾತ್ರ ಅವಳದೊಂದು ಹೊಸ ಆಟ, ನೋಡು ಬೇಕಾದ್ರೆ.”

ಅಕ್ಕ ತಿರುಗಿದಳು. ಗೋದಲಿ ಬರಿದಾಗಿತ್ತು. ಗಬ್ಬದ ಕುದುರೆ ಹಣೆಯನ್ನು ಗೋಡೆಗೆ ಒತ್ತಿ, ಗೋಡೆಯೇ ಸರಿದು ದಾರಿ ಬಿಡುತ್ತದೇನೋ ಎಂಬಂತೆ, ಕಣ್ಣು ಮುಚ್ಚಿ ತಳ್ಳುತ್ತಲೇ ಇತ್ತು.