ಹಗಲು ಹೇಳಿದ ಕಥೆ

"ಬೇರೆ ಏನಾರ ಕೇಳಿ ಸ್ವಾಮಿ. ಹಗಲೊತ್ತಲ್ಲಿ ಕಥೆ ಮಾತ್ರ ನಾ ಯೋಳಕಿಲ್ಲ," ಎಂದು ಚಾಮುಂಡಿ ಎರಡು ಕೈಯಲ್ಲೂ ಬಾಯಿ ಮುಚ್ಚಿಕೊಂಡಳು.

ಪ್ರೊಫೆಸರ್ ನೀಲಕಂಠಸ್ವಾಮಿ ಚಿತ್ರವನ್ನು ಮತ್ತೆ ಅವಳ ಮುಂದೆ ಹಿಡಿದರು. ಮುಚ್ಚಿದ ಬಾಗಿಲು, ಅದರ ಮುಂದೆ ತಲೆ ತಗ್ಗಿಸಿ ನಿಂತ ಹೆಂಗಸು. ಚಿತ್ರ ನೋಡಿ ಮಕ್ಕಳು ಕಟ್ಟುವ ಕಥೆಯಲ್ಲಿ ಅವರ ಮನಸ್ಸು ಇಣುಕುತ್ತದೆ ಎಂದು ಮೈಸೂರಿನ ಕಾಲೇಜಿನಲ್ಲಿ ಅವರು ಪಾಠ ಹೇಳುತ್ತಿದ್ದರು. ಅಪರಾಧ ಮನಶ್ಶಾಸ್ತ್ರವೆಂದರೆ ಜೊತೆಯವರಿಗೆಲ್ಲ ನಗು. 'ಪೋಲಿ ಹುಡುಗರ ಮೇಷ್ಟ್ರು' ಎಂದು ಹೆಸರಿಟ್ಟಿದ್ದರು. ಕೋರ್ಟು ಅವರನ್ನು ಕರೆದದ್ದು ಇದೇ ಮೊದಲು. ಚಾಮರಾಜನಗರದ ಛತ್ರದ ಈ ಕೋಣೆಯಲ್ಲಿ ಕೂತು, ಸಂಜೆಯೊಳಗೆ ಮ್ಯಾಜಿಸ್ಟ್ರೇಟರಿಗೆ ವರದಿ ಬರೆಯಬೇಕು. ಉಡಿಗಾಲದ ಶಾಂತಮಲ್ಲಪ್ಪನವರ ಬೆಳ್ಳಿಯ ಎಲೆಯಡಿಕೆ ಡಬ್ಬಿಯನ್ನು ಅವರ ಕೊಟ್ಟಿಗೆ ಗುಡಿಸುವ ಈ ಹುಡುಗಿಯೇ ಕದ್ದಳೆಂದಾದರೆ, ನಾಳೆ ಅವಳು ಬಾಲಾಪರಾಧಿಗಳ ಶಾಲೆಗೆ.

"ಯಾಕಮ್ಮ, ಭಯಾನಾ?"

"ಹಗಲು ಕಥೆ ಯೋಳುದ್ರೆ ಸೋದರಮಾವ ದಾರಿ ತಪ್ತಾನಂತೆ, ನಮ್ಮಜ್ಜಿ ಯೋಳವ್ಳೆ. ನಮ್ಮ ಮರಿಯಪ್ಪಮಾವ ಬಂಡಿ ಹೊಡ್ಕಂಡು ಗುಂಡ್ಲುಪೇಟೆ ದಾಟಿ ಕಾಡ್ದಾರೀಲಿ ಓಗವ್ನೆ. ಅಲ್ಲಿ ಆನೆ ಅವೆ."

"ಹೇಳದಿದ್ರೆ ನಿನ್ನನ್ನ ಆ ಶಾಲೆಗೆ ಹಾಕ್ತಾರಲ್ಲಮ್ಮ."

ಚಾಮುಂಡಿ ಯೋಚಿಸಿದಳು. "ಆ ಸಾಲೆ ತಾವ ಆನೆ ಬತ್ತದಾ?"

"ಇಲ್ಲ."

"ಅಂಗಾರೆ ನಾನೇ ಓಯ್ತೀನಿ ಬುಡಿ."

ಪ್ರೊಫೆಸರರಿಗೆ ಗುಂಡ್ಲುಪೇಟೆಯ ತಮ್ಮ ಅಜ್ಜಿಯ ನೆನಪಾಯಿತು. ಅವಳೂ ಹೀಗೇ ಹೆದರಿಸುತ್ತಿದ್ದಳು. ಆದರೆ ಅವರಿಗೆ ಸೋದರಮಾವನೇ ಇರಲಿಲ್ಲ. ಅದಕ್ಕೇ ಹಗಲೆಲ್ಲ ಮಾತಾಡುವ ಕೆಲಸ ಹಿಡಿದರೋ ಏನೋ. "ಸರಿ, ಕಥೆ ಬೇಡ. ನಡೆದದ್ದು ಹೇಳು," ಎಂದರು.

"ಅದಕ್ಕೇನು, ನಡೆದದ್ದ ಯಾವೊತ್ತಾರ ಯೋಳ್ಬೌದು. ಕೊಟ್ಟಿಗೆ ಗುಡಿಸ್ದೆ, ಮನೆಗೋದೆ. ಡಬ್ಬಿ ನಾ ಮುಟ್ಟೇ ಇಲ್ಲ." ಅಷ್ಟು ಹೇಳಿ ಅವಳು ಚಿತ್ರದ ಹೆಂಗಸನ್ನು ಆಸೆಯಿಂದ ಒಮ್ಮೆ ನೋಡಿ, ಕಾರ್ಡನ್ನು ಬೋರಲು ಹಾಕಿದಳು.

ಆಮೇಲೆ ಶಾಂತಮಲ್ಲಪ್ಪನವರ ಸರದಿ. ಅವರಿಗೆ ಚಿತ್ರವೇ ಬೇಕಾಗಲಿಲ್ಲ. "ಕಣ್ಣಾರೆ ಕಂಡೆ ಸ್ವಾಮಿ! ಡಬ್ಬೀನ ಲಂಗದಲ್ಲಿ ಸುತ್ಕಂಡ್ಳು, ಬೇಲಿ ಹಾರುದ್ಲು, ನಾಯಿ ಬೊಗಳ್ತು, ಮೋಡದಿಂದ ಚಂದ್ರ ಆಚೆ ಬಂದ..." ಪೊಲೀಸರಿಗೆ ಕೊಟ್ಟ ಹೇಳಿಕೆಯಲ್ಲಿ ನಾಯಿಯೂ ಇರಲಿಲ್ಲ, ಚಂದ್ರನೂ ಇರಲಿಲ್ಲ. "ನಮ್ಮ ಸೋದರಮಾವ ಗುರುಮಲ್ಲಯ್ಯನೋರೂ ಕಂಡವ್ರೆ. ಸಾಕ್ಷಿ ಯೋಳಕ್ಕೆ ಸಂತೆಮರಹಳ್ಳಿಯಿಂದ ಬತ್ತಾವ್ರೆ. ಅಗೋ ನೋಡಿ, ಬಸ್ಸು ಬಂತು!"

ಬಸ್ಸು ಬಂತು. ಮಾವ ಬರಲಿಲ್ಲ. ಕಂಡಕ್ಟರ್ ಬಾಗಿಲಲ್ಲಿ ತಲೆ ಹಾಕಿದ.

"ಶಾಂತಮಲ್ಲಪ್ಪನೋರೆ, ನಿಮ್ಮಾವ ಇವತ್ತು ಸಿಗಕಿಲ್ಲ ಕಣಿ. ನಾ ಇತ್ಲಾಗೆ ಕೂಗ್ತಾನೇ ಇದ್ದೆ, ಅವ್ರು ಅತ್ಲಾಗೆ ಕೊಳ್ಳೇಗಾಲದ ಬಸ್ ಹತ್ತುಬುಟ್ರು. ಈಗ ಮದ್ರಾಸು ಸೀಮೆ ಸೇರ್ಕಂಡಿರ್ತಾರೆ!"

ಅವನು ನಗುತ್ತ ಹೋದ. ಕೊಳ್ಳೇಗಾಲ ಆಗಿನ್ನೂ ಮದ್ರಾಸಿಗೆ ಸೇರಿತ್ತು. ಮೂಲೆಯಲ್ಲಿದ್ದ ಚಾಮುಂಡಿ ಕೆನ್ನೆಯ ಮೇಲೆ ಕೈಯಿಟ್ಟು, ನಿಜವಾದ ಮರುಕದಿಂದ ಕೇಳಿದಳು: "ಅಯ್ಯೋ ಬುದ್ಧಿ, ಹಗಲೊತ್ತಲ್ಲೇ ಯೋಳ್ಬುಟ್ರಾ?"

ಪ್ರೊಫೆಸರ್ ಪೆನ್ನಿನ ಮುಚ್ಚಳ ತೆಗೆದರು. "ಯಜಮಾನ್ರೇ, ಇನ್ನೊಂದು ಸಲ ಮೊದಲಿಂದ ಹೇಳಿ. ಬರ್ಕೋತೀನಿ."

ಶಾಂತಮಲ್ಲಪ್ಪನವರು ಬಾಯಿ ತೆರೆದರು. ಕಣ್ಣು ಕಿಟಕಿಯತ್ತ ಹೋಯಿತು. ಹೊರಗೆ ಸೂರ್ಯ ಇನ್ನೂ ಹುಣಸೇಮರದ ನೆತ್ತಿಯ ಮೇಲಿದ್ದ. ಅವರು ಬಾಯಿ ಮುಚ್ಚಿ, ಹೆಗಲ ಮೇಲಿನ ವಲ್ಲಿಯ ತುದಿಯಿಂದ ಹಣೆ ಒರೆಸಿಕೊಂಡರು.

"ಹೊತ್ತು ಮುಳುಗ್ಲಿ ಬುಡಿ ಸ್ವಾಮಿ," ಎಂದರು ಮೆಲ್ಲಗೆ. "ನಮ್ಮಾವ ಇನ್ನೂ ದಾರೀಲವ್ರೆ."